ಕೂಡಿ ನಕ್ಕ ಕಾಲದ ನೆನಪು



1977ರ ಡಿಸೆಂಬರ್ 25, ಕ್ರಿಸ್‌ಮಸ್ ರಾತ್ರಿ. ಬ್ರಿಟನ್ನಿನ ಜನಸಂಖ್ಯೆ ಆಗ ಐದೂವರೆ ಕೋಟಿಯ ಆಸುಪಾಸು. ಅಂದು ಬಿಬಿಸಿಯಲ್ಲಿ ಎರಿಕ್ ಮೋರ್ಕಮ್ ಮತ್ತು ಎರ್ನಿ ವೈಸ್ ಎಂಬ ಹಾಸ್ಯಜೋಡಿಯ ಕಾರ್ಯಕ್ರಮವನ್ನು ನೋಡಿದವರು ಎರಡು ಕೋಟಿಗೂ ಮಿಕ್ಕಿ. ಬಿಬಿಸಿಯ ಅಂದಿನ ಲೆಕ್ಕವನ್ನೇ ನಂಬುವುದಾದರೆ ಆ ಸಂಖ್ಯೆ 2 ಕೋಟಿ 80 ಲಕ್ಷ. ಪ್ರತಿದಿನ ಗಂಭೀರ ಮುಖ ಹೊತ್ತು ವಾರ್ತೆ ಓದುವ, ಕ್ರೀಡಾ ವರದಿ ಒಪ್ಪಿಸುವ ಬಿಬಿಸಿಯ ಮಹನೀಯರು ಅಂದು ನಾವಿಕರ ಉಡುಪು ತೊಟ್ಟು ಕುಣಿದರು. ಅರಮನೆಯವರು, ಗಣಿ ಕಾರ್ಮಿಕರು, ಅಜ್ಜಿ, ಮೊಮ್ಮಗ ಎಂಬ ಭೇದವಿಲ್ಲದೆ ಇಡೀ ದೇಶ ಒಂದೇ ಹೊತ್ತಿನಲ್ಲಿ ಒಂದೇ ಮಾತಿಗೆ ನಕ್ಕಿತು ಎಂದು ಇಂದಿಗೂ ಅಲ್ಲಿ ಹೇಳಿಕೊಳ್ಳುವುದುಂಟು.

ಅದು ಮುಗಿದು ಹಲವು ದಶಕಗಳಾದವು. ಆದರೂ ಕ್ರಿಸ್‌ಮಸ್ ಬಂದರೆ ಆ ಹಳೆಯ ಕಾರ್ಯಕ್ರಮಗಳು ಮತ್ತೆ ಪ್ರಸಾರವಾಗುತ್ತವೆ. ಎರಿಕ್ ಹುಟ್ಟಿದ ಮೋರ್ಕಮ್ ಎಂಬ ಸಮುದ್ರತೀರದ ಊರಿನಲ್ಲಿ ಅವನ ಕಂಚಿನ ಪ್ರತಿಮೆ ನಿಂತಿದೆ. 1999ರಲ್ಲಿ ಅದನ್ನು ಅನಾವರಣ ಮಾಡಿದವರು ಸ್ವತಃ ರಾಣಿ ಎಲಿಜಬೆತ್. ವೇಲ್ಸ್‌ನ ಕೇರ್‌ಫಿಲಿಯಲ್ಲಿ ಟಾಮಿ ಕೂಪರ್‌ನ ಪ್ರತಿಮೆ 2008ರಲ್ಲಿ ಎದ್ದಿತು. ಸೇನಾಪತಿಗಳಿಗೆ, ದೊರೆಗಳಿಗೆ ಮೀಸಲಾಗಿದ್ದ ಪೀಠಗಳ ಮೇಲೆ ವಿದೂಷಕರು ಹತ್ತಿ ನಿಂತಿದ್ದಾರೆ. ‘ಈಗಿನವರಿಗೆ ನಗಿಸಲು ಬರುವುದಿಲ್ಲ, ನಗು ಎಂದರೆ ಆ ಕಾಲದ್ದು’ ಎಂದು ನಿಟ್ಟುಸಿರಿಡುವವರು ಅಲ್ಲಿ ಮನೆಗೊಬ್ಬರು.

ಈ ಹಂಬಲ ನಿಜವಾಗಿ ಯಾವುದರ ಮೇಲೆ? ಹಳೆಯ ನಗೆಮಾತುಗಳ ಮೇಲೆಯೇ? ಅವನ್ನು ಆಡಿದ ನಟರ ಮೇಲೆಯೇ? ಅಥವಾ ಅವರೊಂದಿಗೆ ಕಳೆದುಹೋದ ಬೇರೇನಾದರೂ ಇದೆಯೇ? ಉತ್ತರ ಹುಡುಕಲು ಒಂದೂವರೆ ಶತಮಾನ ಹಿಂದಕ್ಕೆ, ಲಂಡನ್ನಿನ ಪಡಖಾನೆಗಳಿಗೆ ಹೋಗಬೇಕು.

ಪಡಖಾನೆಯಲ್ಲಿ ಹುಟ್ಟಿದ ನಗು

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಕಾರ್ಖಾನೆಯ ಕೆಲಸಗಾರರು ದಿನದ ದುಡಿಮೆ ಮುಗಿಸಿ ಪಡಖಾನೆಗೆ ಹೋಗುತ್ತಿದ್ದರು. ಅಲ್ಲಿ ಕುಡಿತದ ಜೊತೆ ಹಾಡು ಇತ್ತು, ಹಾಸ್ಯವಿತ್ತು. ಚಾರ್ಲ್ಸ್ ಮಾರ್ಟನ್ ಎಂಬ ಚತುರ ವ್ಯಾಪಾರಿ 1852ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ತನ್ನ ಪಡಖಾನೆಗೆ ಸೇರಿದಂತೆ ಕ್ಯಾಂಟರ್‌ಬರಿ ಹಾಲ್ ಎಂಬ ಸಭಾಂಗಣವನ್ನೇ ತೆರೆದ. ‘ಮ್ಯೂಸಿಕ್ ಹಾಲ್’ ಎಂಬ ರಂಗಪ್ರಕಾರ ಅಲ್ಲಿಂದ ಬೆಳೆದು ದೇಶದ ತುಂಬ ಹಬ್ಬಿತು. ಒಂದೇ ಸಂಜೆಯಲ್ಲಿ ಹಾಡುಗಾರ, ಜಾದೂಗಾರ, ದೊಂಬರಾಟದವರು, ಹಾಸ್ಯಗಾರ ಎಲ್ಲರೂ ಒಬ್ಬರಾದ ಮೇಲೊಬ್ಬರು ಬಂದುಹೋಗುತ್ತಿದ್ದರು. ಮೆಚ್ಚಿದರೆ ಪ್ರೇಕ್ಷಕರು ಹಾಡಿನ ಪಲ್ಲವಿಗೆ ದನಿಗೂಡಿಸುತ್ತಿದ್ದರು. ಮೆಚ್ಚದಿದ್ದರೆ ಕೂಗಿ ಓಡಿಸುತ್ತಿದ್ದರು.

ಇಲ್ಲಿ ಮಿಂಚಿದವರು ಡ್ಯಾನ್ ಲೀನೋ, ಉದ್ದನೆಯ ಬೂಟು ತೊಟ್ಟು ಕುಣಿಯುತ್ತಿದ್ದ ಕುಳ್ಳ ಲಿಟಲ್ ಟಿಚ್, ಮತ್ತು ಎಲ್ಲರಿಗಿಂತ ಮಿಗಿಲಾಗಿ ಮೇರಿ ಲಾಯ್ಡ್. ಆಕೆಯ ಹಾಡಿನ ಸಾಹಿತ್ಯದಲ್ಲಿ ಆಕ್ಷೇಪಿಸುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಒಂದು ಕಣ್ಸನ್ನೆ, ಒಂದು ನಿಲುಗಡೆಯಲ್ಲಿ ಮಾತಿಗೆ ಎರಡನೆಯ ಅರ್ಥ ಬಂದುಬಿಡುತ್ತಿತ್ತು. 1912ರಲ್ಲಿ ದೊರೆಯ ಸಮ್ಮುಖದಲ್ಲಿ ಮ್ಯೂಸಿಕ್ ಹಾಲ್ ಕಲಾವಿದರ ವಿಶೇಷ ಪ್ರದರ್ಶನ ಏರ್ಪಟ್ಟಾಗ, ಆ ರಂಗದ ರಾಣಿಯಾಗಿದ್ದ ಆಕೆಯನ್ನೇ ಕರೆಯಲಿಲ್ಲ. ಇಂಗ್ಲಿಷ್ ಹಾಸ್ಯದಲ್ಲಿ ಮರ್ಯಾದಸ್ಥರು ಮತ್ತು ಮಿಕ್ಕವರು ಎಂಬ ಜಗಳ ಎಷ್ಟು ಹಳೆಯದೆಂಬುದಕ್ಕೆ ಇದೊಂದು ಸಾಕ್ಷಿ.

ಜಗತ್ತು ಮೂಕಿಚಿತ್ರಗಳಲ್ಲಿ ಕಂಡ ನಗುವಿನ ಒಂದು ಬೇರು ಇಲ್ಲಿದೆ. 1910ರಲ್ಲಿ ಫ್ರೆಡ್ ಕಾರ್ನೋ ಎಂಬಾತನ ಹಾಸ್ಯತಂಡ ಅಮೆರಿಕಕ್ಕೆ ಹಡಗು ಹತ್ತಿತು. ಅದರಲ್ಲಿದ್ದ ಇಬ್ಬರು ಹುಡುಗರಲ್ಲಿ ಒಬ್ಬ ಚಾರ್ಲಿ ಚಾಪ್ಲಿನ್. ಇನ್ನೊಬ್ಬ, ಚಾಪ್ಲಿನ್ ಬಾರದಿದ್ದರೆ ಅವನ ಪಾತ್ರಕ್ಕೆ ನಿಲ್ಲಲು ಸಿದ್ಧವಾಗಿರಬೇಕಿದ್ದ ಸ್ಟ್ಯಾನ್ ಲಾರೆಲ್, ಮುಂದೆ ಲಾರೆಲ್-ಹಾರ್ಡಿ ಜೋಡಿಯ ತೆಳ್ಳನೆಯವನು.

ಕನ್ನಡಿಗರಿಗೂ ಈ ರಂಗದ ಒಂದು ಎಳೆ ತಾಕಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಭೂವಿಜ್ಞಾನ ಓದಲು ಲಂಡನ್ನಿಗೆ ಹೋದ ಟಿ.ಪಿ. ಕೈಲಾಸಂ ಅಲ್ಲಿಯ ರಂಗಭೂಮಿಯ ನಂಟು ಹಚ್ಚಿಕೊಂಡು ಮರಳಿದರು. ಅವರ ತಿಪ್ಪಾರಳ್ಳಿಯ ಹಾಡನ್ನು ಕೇಳದ ಹಳೆಯ ತಲೆಮಾರಿನವರು ವಿರಳ. ಅದರ ಮೂಲ, 1912ರಲ್ಲಿ ಜ್ಯಾಕ್ ಜಡ್ಜ್ ಎಂಬ ಮ್ಯೂಸಿಕ್ ಹಾಲ್ ಗಾಯಕ ಹಾಡಿ ಪ್ರಸಿದ್ಧಿಗೆ ತಂದ ಟಿಪ್ಪರರಿ ಗೀತೆ. ಐರ್ಲೆಂಡಿನ ಟಿಪ್ಪರರಿ ಕೈಲಾಸಂ ಕೈಯಲ್ಲಿ ನಮ್ಮ ಹಳ್ಳಿಯೇ ಆಗಿಹೋಯಿತು.

ಎಲಿಯಟ್ ಕಂಡ ಸತ್ಯ

1922ರಲ್ಲಿ ಮೇರಿ ಲಾಯ್ಡ್ ತೀರಿಕೊಂಡಳು. ಅವಳ ಸಾವಿನ ಬಗ್ಗೆ ಮನಮಿಡಿಯುವ ಪ್ರಬಂಧ ಬರೆದವನು, ಆಶ್ಚರ್ಯವೆನ್ನಿಸಬಹುದು, ಟಿ.ಎಸ್. ಎಲಿಯಟ್. ಕ್ಲಿಷ್ಟ ಕವಿ ಎಂದೇ ಹೆಸರಾದ ಎಲಿಯಟ್‌ನಿಗೆ ಪಡಖಾನೆಯ ಗಾಯಕಿಯಲ್ಲಿ ಏನು ಕಂಡಿತು? ಅವನ ವಾದ ಸರಳ. ಮ್ಯೂಸಿಕ್ ಹಾಲಿಗೆ ಹೋಗಿ ಪಲ್ಲವಿಗೆ ದನಿಗೂಡಿಸುವ ಕೂಲಿಕಾರ ಕೇವಲ ನೋಡುಗನಲ್ಲ, ಆ ಕಲೆಯ ಅರ್ಧ ಕೆಲಸವನ್ನು ಅವನೇ ಮಾಡುತ್ತಾನೆ. ಸಿನಿಮಾ ಬಂದ ಮೇಲೆ ಅವನು ಕತ್ತಲಲ್ಲಿ ಸುಮ್ಮನೆ ಕೂರುತ್ತಾನೆ. ತೆರೆ ಅವನಿಗೆ ಎಲ್ಲವನ್ನೂ ಕೊಡುತ್ತದೆ, ಅವನಿಂದ ಏನನ್ನೂ ಕೇಳುವುದಿಲ್ಲ.

‘ಹಿಂದಿನ ನಗು ಈಗಿಲ್ಲ’ ಎಂಬ ಕೊರಗು 1922ರಲ್ಲೇ ಇತ್ತು ಎಂಬುದನ್ನು ಗಮನಿಸಿ. ಇಂದಿನವರು ಹಂಬಲಿಸುವ ಕಲಾವಿದರಲ್ಲಿ ಹೆಚ್ಚಿನವರು ಆಗ ಹುಟ್ಟಿಯೂ ಇರಲಿಲ್ಲ. ಸಿನಿಮಾ ಮತ್ತು ರೇಡಿಯೋ ಮ್ಯೂಸಿಕ್ ಹಾಲನ್ನು ಸೊರಗಿಸಿದವು, ಟಿ.ವಿ. ಕೊನೆಯ ಏಟು ಕೊಟ್ಟಿತು. 1957ರಲ್ಲಿ ಜಾನ್ ಆಸ್ಬರ್ನ್ ಬರೆದ ‘ದಿ ಎಂಟರ್‌ಟೇನರ್’ ನಾಟಕದ ನಾಯಕ ಆರ್ಚಿ ರೈಸ್ ಖಾಲಿಯಾಗುತ್ತಿರುವ ರಂಗಮಂದಿರದಲ್ಲಿ ಹಳಸಿದ ಜೋಕು ಹೇಳುವ ಹಾಸ್ಯಗಾರ. ಹಿಂದಿನ ವರ್ಷವಷ್ಟೇ ಸೂಯೆಜ್‌ನಲ್ಲಿ ಮುಖಭಂಗ ಅನುಭವಿಸಿದ್ದ ಬ್ರಿಟನ್ನಿಗೆ ಅದು ತನ್ನದೇ ಕಥೆಯಂತೆ ಕಂಡಿತು.

ಇನ್ನೊಂದು ಸ್ವಾರಸ್ಯವಿದೆ. ಆ ರಂಗವನ್ನು ಮುಗಿಸಿದ ಟಿ.ವಿ.ಯೇ ಅದರ ತಿಥಿಯನ್ನೂ ವೈಭವದಿಂದ ನಡೆಸಿತು. ಬಿಬಿಸಿ 1953ರಿಂದ 1983ರವರೆಗೆ, ಮೂವತ್ತು ವರ್ಷ, ‘ದಿ ಗುಡ್ ಓಲ್ಡ್ ಡೇಸ್’ ಎಂಬ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಲೀಡ್ಸ್ ನಗರದ ಹಳೆಯ ರಂಗಮಂದಿರವೊಂದರಲ್ಲಿ ಹಳೆಯ ಮ್ಯೂಸಿಕ್ ಹಾಲನ್ನು ಮತ್ತೆ ಕಟ್ಟಿ ತೋರಿಸುವ ಆಟವದು. ಪ್ರೇಕ್ಷಕರೂ ಅಜ್ಜ-ಅಜ್ಜಿಯರ ಕಾಲದ ಟೋಪಿ, ಲಂಗ ತೊಟ್ಟು ಬಂದು ಕೂತು ಪಲ್ಲವಿ ಹಾಡುತ್ತಿದ್ದರು. ಜನರಿಗೆ ಬೇಕಾಗಿದ್ದುದು ಹಾಡು ಮಾತ್ರವಲ್ಲ, ಸೇರಿ ಹಾಡುವ ಆ ಕೂಟ.

ಕತ್ತಲ ರಾತ್ರಿಗಳ ಸಂಗಾತಿ

ಆ ಕೂಟವನ್ನು ಮನೆಯೊಳಕ್ಕೆ ತಂದದ್ದು ರೇಡಿಯೋ. ಎರಡನೇ ಮಹಾಯುದ್ಧದ ದಿನಗಳಲ್ಲಿ ಬಾಂಬಿನ ಭಯಕ್ಕೆ ದೀಪವಾರಿಸಿ ಕೂತ ಕುಟುಂಬಗಳಿಗೆ ಟಾಮಿ ಹ್ಯಾಂಡ್ಲಿಯ ‘ಇಟ್ಮಾ’ ಕಾರ್ಯಕ್ರಮ ದೊಡ್ಡ ಆಸರೆಯಾಗಿತ್ತು. ಅದರ ಪಾತ್ರಗಳು ಬಾಗಿಲು ತೆರೆದು ಬಂದು ತಮ್ಮ ಖಾಯಂ ಮಾತೊಂದನ್ನು ಆಡಿ ಹೋಗುತ್ತಿದ್ದವು. ಆ ಮಾತುಗಳು ಮರುದಿನ ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ಬಾಂಬಿನಿಂದ ರಕ್ಷಣೆ ಪಡೆಯುವ ನೆಲಮಾಳಿಗೆಯಲ್ಲಿ ಎಲ್ಲರ ಬಾಯಲ್ಲೂ ಕೇಳುತ್ತಿದ್ದವು. 1949ರ ಜನವರಿಯಲ್ಲಿ ಹ್ಯಾಂಡ್ಲಿ ತೀರಿಕೊಂಡಾಗ ಸೇಂಟ್ ಪಾಲ್ಸ್ ಮಹಾಮಂದಿರದಲ್ಲಿ ಅವನಿಗಾಗಿ ಪ್ರಾರ್ಥನಾಸಭೆ ನಡೆಯಿತು. ಒಬ್ಬ ಹಾಸ್ಯಗಾರನಿಗೆ ಅದು ಸಣ್ಣ ಗೌರವವಲ್ಲ.

ಯುದ್ಧವು ಇನ್ನೊಂದು ಬಗೆಯ ನಗುವನ್ನೂ ಹುಟ್ಟುಹಾಕಿತು. ಸೈನ್ಯದಿಂದ ಮರಳಿದ ಕೆಲವು ಯುವಕರು 1951ರಲ್ಲಿ ‘ದಿ ಗೂನ್ ಶೋ’ ಆರಂಭಿಸಿದರು. ಸ್ಪೈಕ್ ಮಿಲಿಗನ್, ಪೀಟರ್ ಸೆಲರ್ಸ್, ಹ್ಯಾರಿ ಸೀಕೋಂಬ್ ಅದರ ಮುಖ್ಯ ಧ್ವನಿಗಳು. ಅದರಲ್ಲಿ ತರ್ಕಕ್ಕೆ ಜಾಗವಿರಲಿಲ್ಲ. ಸೇನಾಧಿಕಾರಿಗಳು ಹೇಡಿಗಳು, ಸಭ್ಯರು ಠಕ್ಕರು, ಸತ್ತವನು ಮುಂದಿನ ವಾರ ಮತ್ತೆ ಪ್ರತ್ಯಕ್ಷ. ಬಹುಪಾಲು ಕಂತುಗಳನ್ನು ಬರೆದ ಮಿಲಿಗನ್ ಹುಟ್ಟಿದ್ದು 1918ರಲ್ಲಿ, ಭಾರತದ ಅಹ್ಮದ್‌ನಗರದಲ್ಲಿ. ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದ ಕಾರಣ ಬಾಲ್ಯ ಕಳೆದದ್ದು ಪುಣೆ, ರಂಗೂನುಗಳಲ್ಲಿ. ಇಟಲಿಯ ಯುದ್ಧಭೂಮಿಯಲ್ಲಿ ಗಾಯಗೊಂಡ ಮಿಲಿಗನ್‌ನನ್ನು ಮನೋವೇದನೆ ಕೊನೆಯವರೆಗೂ ಬಿಡಲಿಲ್ಲ. ವಾರಕ್ಕೊಂದು ಕಂತು ಬರೆಯುವ ಒತ್ತಡದಲ್ಲಿ 1952ರ ಕೊನೆಗೆ ಆತ ಆಸ್ಪತ್ರೆ ಸೇರಬೇಕಾಯಿತು. 2002ರಲ್ಲಿ ತೀರಿಕೊಂಡ ಅವನ ಸಮಾಧಿಯ ಕಲ್ಲಿನ ಮೇಲೆ, ತನಗೆ ಹುಷಾರಿಲ್ಲವೆಂದು ಮೊದಲೇ ಹೇಳಿರಲಿಲ್ಲವೇ ಎಂಬರ್ಥದ ಮಾತನ್ನು ಐರಿಷ್ ಭಾಷೆಯಲ್ಲಿ ಕೆತ್ತಲಾಗಿದೆ. ನಗಬೇಕೋ ಅಳಬೇಕೋ ತಿಳಿಯದ ಮಾತು.

ಒಣಜಂಭದ ಸೋಲು

ಹಾಗಾದರೆ ಈ ಹಾಸ್ಯದ ಜೀವಾಳ ಯಾವುದು? ಒಂದೇ ಮಾತಿನಲ್ಲಿ ಹೇಳುವುದಾದರೆ, ಸೋತವನ ಜಂಭ. ಇಂಗ್ಲಿಷ್ ಸಮಾಜದಲ್ಲಿ ಯಾರು ಯಾವ ಮೆಟ್ಟಿಲಿನವರು ಎಂಬುದು ಅವರ ಉಚ್ಚಾರಣೆಯಿಂದಲೇ ಗೊತ್ತಾಗುತ್ತಿತ್ತು. ತನ್ನ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಂತೆ ನಟಿಸಿ, ಅಲ್ಲಿಂದ ಜಾರಿ ಬೀಳುವ ಮನುಷ್ಯನೇ ಈ ಹಾಸ್ಯದ ನಾಯಕ.

ಟೋನಿ ಹ್ಯಾನ್‌ಕಾಕ್ ಅದರ ಉತ್ತಮ ಮಾದರಿ. ರೇ ಗ್ಯಾಲ್ಟನ್ ಮತ್ತು ಅಲನ್ ಸಿಂಪ್ಸನ್ ಅವನ ಬರಹಗಾರರು. ಇಬ್ಬರೂ ಪರಸ್ಪರ ಭೇಟಿಯಾದದ್ದು ಕ್ಷಯರೋಗಿಗಳ ಆಸ್ಪತ್ರೆಯಲ್ಲಿ, ರೋಗಿಗಳಾಗಿ. 1961ರಲ್ಲಿ ಪ್ರಸಾರವಾದ ಅವರ ‘ದಿ ಬ್ಲಡ್ ಡೋನರ್’ ಕಂತನ್ನು ಇಂದಿಗೂ ಜನ ನೆನೆಯುತ್ತಾರೆ. ಹ್ಯಾನ್‌ಕಾಕ್ ರಕ್ತದಾನಕ್ಕೆಂದು ಆಸ್ಪತ್ರೆಗೆ ಹೋಗುತ್ತಾನೆ. ದೇಶಸೇವೆ, ತ್ಯಾಗ ಎಂದು ದೊಡ್ಡ ಮಾತು. ಬೆರಳಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಒಂದು ತೊಟ್ಟು ರಕ್ತ ತೆಗೆದ ಕೂಡಲೇ ದಾನ ಮುಗಿಯಿತೆಂದು ಹೊರಡಲು ಸಿದ್ಧನಾಗುತ್ತಾನೆ. ಎಷ್ಟು ಕೊಡಬೇಕೆಂದು ಗೊತ್ತಾದಾಗ ಅವನ ಮುಖ ನೋಡಬೇಕು! ಹೇಗೋ ಕೊಟ್ಟು, ಊರೆಲ್ಲ ಬಡಾಯಿ ಕೊಚ್ಚಿಕೊಂಡು ಮನೆಗೆ ಬಂದವನು ಚಾಕುವಿನಿಂದ ಕೈ ಕೊಯ್ದುಕೊಳ್ಳುತ್ತಾನೆ. ಅವನದು ಅಪರೂಪದ ಗುಂಪಿನ ರಕ್ತ. ಕೊನೆಗೆ ಅವನು ಕೊಟ್ಟ ರಕ್ತವನ್ನೇ ಅವನಿಗೆ ಏರಿಸಬೇಕಾಗುತ್ತದೆ. ದಾನದ ಹೆಮ್ಮೆಯೂ ಹೋಯಿತು, ರಕ್ತವೂ ಮರಳಿ ಬಂತು!

ತೆರೆಯ ಮೇಲಿನ ಹ್ಯಾನ್‌ಕಾಕ್‌ನಿಗೂ ನಿಜಜೀವನದ ಹ್ಯಾನ್‌ಕಾಕ್‌ನಿಗೂ ಅಂತರ ಕಡಿಮೆಯಾಗುತ್ತ ಬಂತು. ಜೊತೆಗಾರರನ್ನು ಬಿಟ್ಟ, ಬರಹಗಾರರನ್ನೂ ಬಿಟ್ಟ, ಕುಡಿತಕ್ಕೆ ಸಿಕ್ಕ. 1968ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ತಾನೇ ಜೀವ ಕಳೆದುಕೊಂಡಾಗ ಅವನಿಗೆ 44 ವರ್ಷ.

ಗ್ಯಾಲ್ಟನ್ ಮತ್ತು ಸಿಂಪ್ಸನ್ ಮುಂದೆ ‘ಸ್ಟೆಪ್ಟೋ ಅಂಡ್ ಸನ್’ ಬರೆದರು. ಗುಜರಿ ವ್ಯಾಪಾರ ಮಾಡುವ ಕೊಳಕು ಮುದುಕ ಅಪ್ಪ, ಒಳ್ಳೆಯ ಸಂಗೀತ, ಒಳ್ಳೆಯ ಬದುಕು ಬಯಸಿಯೂ ಆ ಗುಜರಿಯಂಗಳ ಬಿಟ್ಟು ಹೋಗಲಾಗದ ಮಗ. ನಗುವಿನ ಕೆಳಗೆ ಉಸಿರುಗಟ್ಟಿಸುವ ದುಃಖವಿದ್ದ ಕಥೆ. ಇದರ ಜನಪ್ರಿಯತೆಗೆ ಒಂದು ರಾಜಕೀಯ ಸಾಕ್ಷ್ಯವೂ ಇದೆ. 1964ರ ಅಕ್ಟೋಬರ್ 15ರಂದು ಸಾರ್ವತ್ರಿಕ ಚುನಾವಣೆ. ಅಂದು ಸಂಜೆ ‘ಸ್ಟೆಪ್ಟೋ’ ಪ್ರಸಾರವಿತ್ತು. ದುಡಿದು ಬಂದ ತಮ್ಮ ಮತದಾರರು ಅದನ್ನು ನೋಡುತ್ತ ಮನೆಯಲ್ಲೇ ಕೂತುಬಿಟ್ಟಾರೆಂದು ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಬಿಬಿಸಿಗೆ ದೂರಿತ್ತರು. ಬಿಬಿಸಿ ಪ್ರಸಾರವನ್ನು ಮತದಾನ ಮುಗಿಯುವ ಹೊತ್ತಿಗೆ ಮುಂದೂಡಿತು. ವಿಲ್ಸನ್ ಅತ್ಯಲ್ಪ ಬಹುಮತದಿಂದ ಗೆದ್ದು ಪ್ರಧಾನಿಯಾದರು.

1968ರಿಂದ 1977ರವರೆಗೆ ಬಂದ ‘ಡ್ಯಾಡ್ಸ್ ಆರ್ಮಿ’ ಈ ಸರಣಿಯ ಮುಕುಟ. ಜರ್ಮನರು ದಾಳಿ ಮಾಡಿದರೆ ಊರು ಕಾಯಲೆಂದು ಮುದುಕರು, ಹುಡುಗರು, ಅಶಕ್ತರು ಸೇರಿದ ಗೃಹರಕ್ಷಕ ದಳದ ಕಥೆ ಇದು. ಬರೆದವರು ಜಿಮ್ಮಿ ಪೆರಿ ಮತ್ತು ಡೇವಿಡ್ ಕ್ರಾಫ್ಟ್. ಹದಿಹರೆಯದಲ್ಲಿ ಪೆರಿ ಅಂಥ ದಳದಲ್ಲೇ ಇದ್ದವನು. ದಳದ ನಾಯಕ ಮೇನ್ವರಿಂಗ್ ಸಣ್ಣ ಊರಿನ ಬ್ಯಾಂಕ್ ಮ್ಯಾನೇಜರ್, ಸ್ವಂತ ಶ್ರಮದಿಂದ ಮೇಲೆ ಬಂದವನು. ಬ್ಯಾಂಕಿನಲ್ಲೂ ದಳದಲ್ಲೂ ಅವನ ಕೈಕೆಳಗಿನ ವಿಲ್ಸನ್ ದೊಡ್ಡ ಮನೆತನದವನು, ದೊಡ್ಡ ಶಾಲೆಯಲ್ಲಿ ಓದಿದವನು. ಅಧಿಕಾರ ಒಬ್ಬನದು, ಠೀವಿ ಇನ್ನೊಬ್ಬನದು. ಒಂದು ಕಂತಿನಲ್ಲಿ ಸೆರೆಸಿಕ್ಕ ಜರ್ಮನ್ ಅಧಿಕಾರಿ ತನ್ನನ್ನು ಗೇಲಿ ಮಾಡಿದ ಹುಡುಗನ ಹೆಸರನ್ನು ಕೇಳುತ್ತಾನೆ, ಗೆದ್ದ ಮೇಲೆ ಸೇಡು ತೀರಿಸಲು. ಮೇನ್ವರಿಂಗ್ ಗಾಬರಿಯಿಂದ ‘ಹೇಳಬೇಡ’ ಎಂದು ಕೂಗುತ್ತಾನೆ. ಕೂಗುವಾಗ ಹುಡುಗನ ಹೆಸರನ್ನೇ ಹಿಡಿದು ಕರೆಯುತ್ತಾನೆ! ಅಲ್ಲಿ ಜನ ಇಂದಿಗೂ ನೆನೆದು ನಗುವ ಸನ್ನಿವೇಶವಿದು.

ಇಷ್ಟಾದರೂ ಪ್ರೇಕ್ಷಕರು ಮೇನ್ವರಿಂಗ್‌ನನ್ನು ಹಗುರಾಗಿ ಕಾಣಲಿಲ್ಲ. ಅಪಾಯ ನಿಜವಾಗಿ ಎದುರಾದಾಗ ಆ ಜಂಭದ ಮನುಷ್ಯ ಮುಂದೆ ನಿಲ್ಲುತ್ತಿದ್ದ. ದಳದ ಮೃದು ಸ್ವಭಾವದ ಮುದುಕ ಗಾಡ್‌ಫ್ರೇ ಪಾತ್ರ ಮಾಡಿದ ಆರ್ನಾಲ್ಡ್ ರಿಡ್ಲಿ ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ತೀವ್ರವಾಗಿ ಗಾಯಗೊಂಡಿದ್ದವನು. ಸಾಮ್ರಾಜ್ಯ ಕಳೆದುಕೊಂಡ ದೇಶವೊಂದು ತನ್ನ ಹಿರಿಮೆಯ ಗಳಿಗೆಯನ್ನು ನೆನೆಯುತ್ತಲೇ ತನ್ನ ಬಡಾಯಿಯನ್ನು ತಾನೇ ನಗೆಪಾಟಲು ಮಾಡಿಕೊಂಡಿತು. ಆ ಹಾಸ್ಯ ಇಂದಿಗೂ ಹಳಸದಿರಲು ಇದೇ ಕಾರಣ.

ಸೋಲುವುದೂ ಒಂದು ವಿದ್ಯೆ

ರಂಗದ ಮೇಲಿನ ಹಾಸ್ಯಗಾರರೂ ಇದೇ ದಾರಿ ಹಿಡಿದರು. ಕೆಂಪು ತುರ್ಕಿ ಟೋಪಿ ಧರಿಸಿದ ಭಾರಿ ಆಳು ಟಾಮಿ ಕೂಪರ್ ಜಾದೂ ಮಾಡಲು ಬಂದು ಪ್ರತಿ ಬಾರಿಯೂ ಎಡವುತ್ತಿದ್ದ. ನಿಜದಲ್ಲಿ ಅವನು ನುರಿತ ಜಾದೂಗಾರ. ಸರಿಯಾದ ಕ್ಷಣದಲ್ಲಿ ತಪ್ಪು ಮಾಡಲು, ತಪ್ಪದೆ ಮಾಡುವುದಕ್ಕಿಂತ ಹೆಚ್ಚಿನ ಅಭ್ಯಾಸ ಬೇಕು. 1984ರ ಏಪ್ರಿಲ್ 15ರಂದು ನೇರ ಪ್ರಸಾರವಾಗುತ್ತಿದ್ದ ಕಾರ್ಯಕ್ರಮದಲ್ಲಿ ಅವನು ವೇದಿಕೆಯ ಮೇಲೆಯೇ ಕುಸಿದ. ಅದೂ ಆಟದ ಭಾಗವೆಂದು ಭಾವಿಸಿದ ಪ್ರೇಕ್ಷಕರು ನಗುತ್ತಲೇ ಇದ್ದರು. ಆಗಿದ್ದದ್ದು ಹೃದಯಾಘಾತ.

ಒಂದೂವರೆ ತಿಂಗಳೂ ಕಳೆದಿರಲಿಲ್ಲ, ಎರಿಕ್ ಮೋರ್ಕಮ್ ಕೂಡ ಒಂದು ಪ್ರದರ್ಶನ ಮುಗಿಸಿ ರಂಗದ ಮರೆಗೆ ಸರಿಯುತ್ತಲೇ ಕುಸಿದು, ಮೇ 28ರಂದು ತೀರಿಕೊಂಡ. ಎರಿಕ್-ಎರ್ನಿ ಜೋಡಿಗೆ ಯಶಸ್ಸು ಸುಲಭವಾಗಿ ಬಂದಿರಲಿಲ್ಲ. 1954ರ ಅವರ ಮೊದಲ ಟಿ.ವಿ. ಸರಣಿಯನ್ನು ಪತ್ರಿಕೆಗಳು ಹೀನಾಯವಾಗಿ ಜರಿದಿದ್ದವು. ಮುಂದೆ ಅವರಿಗೆ ಹೊಸ ರೂಪ ಕೊಟ್ಟವನು ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಹಣ್ಣು-ತರಕಾರಿ ಮಾರುತ್ತಿದ್ದ ಎಡ್ಡಿ ಬ್ರಾಬೆನ್ ಎಂಬ ಬರಹಗಾರ. ಜಗಳವಾಡುವ ಹಾಸ್ಯಜೋಡಿಯ ಹಳೆಯ ಸೂತ್ರವನ್ನು ಬಿಟ್ಟು, ಒಬ್ಬರನ್ನೊಬ್ಬರು ಬಿಟ್ಟಿರಲಾರದ ಗೆಳೆಯರನ್ನಾಗಿ ಅವರನ್ನು ತೋರಿಸಿದ. 1971ರಲ್ಲಿ ವಿಶ್ವವಿಖ್ಯಾತ ಸಂಗೀತ ನಿರ್ದೇಶಕ ಆಂದ್ರೆ ಪ್ರೆವಿನ್ ಎದುರು ಎರಿಕ್ ಪಿಯಾನೋ ನುಡಿಸುವ ಪ್ರಹಸನ ಬಂತು. ನುಡಿಸಿದ್ದೆಲ್ಲ ಅಪಸ್ವರ. ಪ್ರೆವಿನ್ ಆಕ್ಷೇಪಿಸಿದಾಗ ಎರಿಕ್ ಅವನ ಕೋಟಿನ ಕೊರಳಪಟ್ಟಿ ಹಿಡಿದು, ಸ್ವರಗಳೆಲ್ಲ ಸರಿಯಾಗಿಯೇ ಇವೆ, ಆದರೆ ಅವು ಸರಿಯಾದ ಕ್ರಮದಲ್ಲಿ ಇರಬೇಕೆಂದೇನಿಲ್ಲ ಎಂದು ಸಮಜಾಯಿಷಿ ನೀಡುತ್ತಾನೆ. ಸೋತವನು ಸೋಲೊಪ್ಪದ ಆ ಧೈರ್ಯವೇ ನಗು ತರಿಸುವುದು.

ಅಂದಿನ ಬ್ರಿಟನ್ನಿನಲ್ಲಿ ಇದ್ದದ್ದು ಮೂರೇ ವಾಹಿನಿಗಳು. ನಾಲ್ಕನೆಯದು ಬಂದದ್ದು 1982ರಲ್ಲಿ. ಆಯ್ಕೆ ಕಡಿಮೆಯಿದ್ದುದರಿಂದ ಎಲ್ಲರೂ ಒಂದನ್ನೇ ನೋಡುತ್ತಿದ್ದರು. ಮರುದಿನ ಆಡಿಕೊಳ್ಳಲು ಎಲ್ಲರಿಗೂ ಒಂದೇ ಮಾತು ಸಿಗುತ್ತಿತ್ತು. ಎಲಿಯಟ್ ಹೇಳಿದ ಪಲ್ಲವಿ ಹೀಗೆ ಬೇರೆ ರೂಪದಲ್ಲಿ ಉಳಿದಿತ್ತು.

ಕೂಟದ ಹೊರಗಿದ್ದವರು

ಇಲ್ಲಿಗೆ ಮಾತು ಮುಗಿಸಿದರೆ ಅದು ಅರ್ಧಸತ್ಯವಾದೀತು. ‘ಇಡೀ ದೇಶ ಕೂಡಿ ನಕ್ಕಿತು’ ಎನ್ನುವಾಗ, ಯಾರನ್ನು ನೋಡಿ ನಕ್ಕಿತು ಎಂದೂ ಕೇಳಬೇಕಲ್ಲವೇ?

ಅದೇ ಬಿಬಿಸಿ 1958ರಿಂದ 1978ರವರೆಗೆ ‘ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಶೋ’ ಎಂಬ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಬಿಳಿಯ ಗಾಯಕರು ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡಿ ಕುಣಿಯುವ ಆಟವದು. 1967ರಲ್ಲೇ ವರ್ಣಭೇದ ವಿರೋಧಿ ಸಂಘಟನೆಯೊಂದು ಇದನ್ನು ನಿಲ್ಲಿಸಬೇಕೆಂದು ಮನವಿ ಸಲ್ಲಿಸಿದರೂ ಹನ್ನೊಂದು ವರ್ಷ ಅದು ಮುಂದುವರಿಯಿತು. ಜಮೈಕಾ ಮೂಲದ ದಂಪತಿಗಳ ಮಗ ಲೆನ್ನಿ ಹೆನ್ರಿ ಮುಂದೆ ಬ್ರಿಟನ್ನಿನ ಹೆಸರಾಂತ ಹಾಸ್ಯನಟನಾದ. ಹದಿಹರೆಯದಲ್ಲಿ ಅವನು ಇದರ ರಂಗಪ್ರದರ್ಶನಗಳಲ್ಲಿ ದುಡಿಯಬೇಕಾಯಿತು. ಬಣ್ಣ ಬಳಿದ ಕರಿಯರ ನಡುವೆ ನಿಜವಾದ ಕರಿಯ ಹುಡುಗ. ಆ ದಿನಗಳು ತನಗೆ ಎಷ್ಟು ನೋವು ಕೊಟ್ಟವೆಂದು ಅವನು ಮುಂದೆ ಹೇಳಿಕೊಂಡಿದ್ದಾನೆ.

ಭಾರತೀಯರ ಪಾಲಿಗೂ ಇಂಥದೇ ನಗು ಬಂತು. ‘ಡ್ಯಾಡ್ಸ್ ಆರ್ಮಿ’ ಬರೆದ ಪೆರಿ ಮತ್ತು ಕ್ರಾಫ್ಟ್ ಜೋಡಿಯೇ 1974ರಲ್ಲಿ ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಆರಂಭಿಸಿತು. ಅದರ ಕಥೆ ನಡೆಯುವುದು ಯುದ್ಧಕಾಲದಲ್ಲಿ ಮಹಾರಾಷ್ಟ್ರದ ದೇವಳಾಲಿ ಸೈನಿಕ ಶಿಬಿರದಲ್ಲಿ. ಸೈನಿಕರ ಮನರಂಜನಾ ತಂಡದವನಾಗಿ ಪೆರಿ ಅಲ್ಲಿ ಇದ್ದದ್ದೂ ನಿಜ. ಆದರೆ ರಂಗಿ ರಾಮ್ ಎಂಬ ಭಾರತೀಯ ಸೇವಕನ ಪಾತ್ರ ಮಾಡಿದವನು ಮುಖಕ್ಕೆ ಕಂದು ಬಣ್ಣ ಹಚ್ಚಿದ ಬಿಳಿಯ ನಟ ಮೈಕೆಲ್ ಬೇಟ್ಸ್. ಬೇಟ್ಸ್ ಹುಟ್ಟಿದ್ದು ಝಾನ್ಸಿಯಲ್ಲಿ, ಹಿಂದಿ ಬಲ್ಲವನು ಎಂಬ ಸಮರ್ಥನೆಯನ್ನು ಮುಂದಿಟ್ಟರೂ, ಬಿಬಿಸಿ ಈ ಸರಣಿಯ ಮರುಪ್ರಸಾರವನ್ನು ಕೈಬಿಟ್ಟಿತು. ಗೃಹರಕ್ಷಕ ದಳದ ಕಥೆಯಲ್ಲಿ ತಮ್ಮನ್ನು ತಾವೇ ನೋಡಿ ನಕ್ಕ ಬರಹಗಾರರು ಇಲ್ಲಿ ಸೇವಕನ ಬಾಗಿದ ಬೆನ್ನಿನಲ್ಲಿ ನಗು ಹುಡುಕಿದರು. ಬರೆದ ಕೈ ಅದೇ. ನಗುವಿನ ದಿಕ್ಕು ಮಾತ್ರ ಬೇರೆ.

‘ಮೈಂಡ್ ಯುವರ್ ಲ್ಯಾಂಗ್ವೇಜ್’ ನಮ್ಮಲ್ಲಿ ಅನೇಕರು ನೋಡಿ ನಕ್ಕ ಸರಣಿ. ಲಂಡನ್ನಿನಲ್ಲಿ ಇಂಗ್ಲಿಷ್ ಕಲಿಯಲು ಬಂದ ವಿದೇಶಿಯರ ತರಗತಿ. ಸಿಖ್ಖನೊಬ್ಬ, ಪಾಕಿಸ್ತಾನಿಯೊಬ್ಬ, ಸೀರೆಯುಟ್ಟು ಹೆಣಿಗೆ ಹಾಕುವ ಗೃಹಿಣಿಯೊಬ್ಬಳು. 1977ರಲ್ಲಿ ಆರಂಭವಾದ ಇದು ಜನಪ್ರಿಯವಾಗಿದ್ದರೂ, ಜನಾಂಗಗಳನ್ನು ಅಚ್ಚಿನಲ್ಲಿ ಹಾಕಿ ತೋರಿಸುತ್ತದೆಂಬ ಕಾರಣಕ್ಕೆ 1979ರಲ್ಲಿ ನಿಂತಿತು. ವಿಚಿತ್ರವೆಂದರೆ ಭಾರತದಲ್ಲಿ ಇದನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. 1993ರಲ್ಲಿ ದೂರದರ್ಶನದಲ್ಲಿ ಪಂಕಜ್ ಕಪೂರ್ ಹಿಂದಿ ಮೇಷ್ಟ್ರಾಗಿ ಅಭಿನಯಿಸಿದ ‘ಜಬಾನ್ ಸಂಭಾಲ್ ಕೇ’ ಇದರದೇ ರೂಪಾಂತರ. ಇಲ್ಲಿ ನಾವು ಬಹುಸಂಖ್ಯಾತರಾಗಿ ಕೂತು ನಕ್ಕೆವು. ಅಲ್ಲಿ ತರಗತಿಗೆ ಒಬ್ಬನೇ ಏಷ್ಯನ್ ಹುಡುಗನಿಗೆ, ರಾತ್ರಿ ಟಿ.ವಿ.ಯಲ್ಲಿ ಬಂದ ಉಚ್ಚಾರಣೆ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಕಲ್ಲಾಗಿ ಬೀಳುತ್ತಿತ್ತು. ಜೋಕು ಒಂದೇ ಆದರೂ ಎಲ್ಲಿ ಕೂತು ಕೇಳುತ್ತೀರಿ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ.

ಉತ್ತರವೂ ನಗುವಿನಲ್ಲೇ

ಆ ಶಾಲೆಗಳಲ್ಲಿ ಬೆಳೆದ ಮಕ್ಕಳು ಸುಮ್ಮನೆ ಕೂರಲಿಲ್ಲ. ಸಂಜೀವ್ ಭಾಸ್ಕರ್, ಮೀರಾ ಸ್ಯಾಲ್, ನೀನಾ ವಾಡಿಯಾ, ಕುಲ್ವಿಂದರ್ ಘೀರ್ ಸೇರಿ 1996ರಲ್ಲಿ ರೇಡಿಯೋದಲ್ಲಿ, 1998ರಿಂದ ಟಿ.ವಿ.ಯಲ್ಲಿ ‘ಗುಡ್‌ನೆಸ್ ಗ್ರೇಶಸ್ ಮೀ’ ಆರಂಭಿಸಿದರು. ಆ ಹೆಸರೇ ಒಂದು ಏಟು. 1960ರಲ್ಲಿ ಭಾರತೀಯ ವೈದ್ಯನ ಪಾತ್ರ ಮಾಡಿದ್ದ ಪೀಟರ್ ಸೆಲರ್ಸ್, ಭಾರತೀಯರ ಇಂಗ್ಲಿಷನ್ನು ಅಣಕಿಸಿ ಸೋಫಿಯಾ ಲೊರೆನ್ ಜೊತೆ ಹಾಡಿದ್ದ ಗೀತೆಯ ಹೆಸರದು. ಇದರ ಅತ್ಯಂತ ಪ್ರಸಿದ್ಧ ಪ್ರಹಸನದಲ್ಲಿ ಮುಂಬಯಿಯ ಗೆಳೆಯರ ಗುಂಪೊಂದು ತಡರಾತ್ರಿ ಇಂಗ್ಲಿಷ್ ಹೋಟೆಲಿಗೆ ನುಗ್ಗಿ, ಮಾಣಿಯ ಹೆಸರನ್ನು ಕೆಡಿಸಿ ಕರೆದು, ಅತ್ಯಂತ ಸಪ್ಪೆ ತಿಂಡಿ ಯಾವುದೆಂದು ಪಂಥ ಕಟ್ಟಿ ಕೇಳುತ್ತದೆ. ಲಂಡನ್ನಿನ ಭಾರತೀಯ ಹೋಟೆಲುಗಳಲ್ಲಿ ಕುಡಿದು ಬಂದ ಗಿರಾಕಿಗಳು ಮಾಡುತ್ತಿದ್ದುದನ್ನೇ ಇಲ್ಲಿ ಕನ್ನಡಿ ಹಿಡಿದು ತಿರುಗಿಸಲಾಗಿತ್ತು. ಇಂಗ್ಲಿಷರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಳೆಯ ಹಾಸ್ಯಗಾರರನ್ನು ಕೇಳಿ ಬೆಳೆದವರೇ ಆ ವಿದ್ಯೆಯಿಂದ ಅವರಿಗೆ ಉತ್ತರ ಕೊಟ್ಟರು.

ಹಾಗೆಂದು ಎಲ್ಲ ಹಳೆಯ ಹಾಸ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 1975ರಲ್ಲಿ ಬಂದ ‘ಫಾಲ್ಟಿ ಟವರ್ಸ್’ ಸರಣಿಯಲ್ಲಿ ಒಬ್ಬ ಮುದಿ ಮೇಜರ್ ಭಾರತೀಯರ, ವೆಸ್ಟ್ ಇಂಡೀಸ್‌ನವರ ಬಗ್ಗೆ ಹೀನ ಪದ ಬಳಸುತ್ತಾನೆ. 2020ರಲ್ಲಿ ಯುಕೆಟಿವಿ ಸಂಸ್ಥೆ ಆ ಕಂತನ್ನು ತನ್ನ ಸೇವೆಯಿಂದ ತೆಗೆಯಿತು. ಆ ಮಾತುಗಳು ಮೇಜರನನ್ನು ಗೇಲಿ ಮಾಡಲು ಇವೆಯೇ ಹೊರತು ಸಮರ್ಥಿಸಲು ಅಲ್ಲ ಎಂದು ಸರಣಿಯ ಕರ್ತೃ ಜಾನ್ ಕ್ಲೀಸ್ ವಾದಿಸಿದ. ಕೆಲವೇ ದಿನಗಳಲ್ಲಿ ಎಚ್ಚರಿಕೆಯ ಸೂಚನೆಯೊಂದಿಗೆ ಕಂತು ಮರಳಿತು. ಕ್ಲೀಸ್ ವಾದದಲ್ಲಿ ಹುರುಳಿದೆ. ಆದರೆ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಸರಣಿಯ ಆಲ್ಫ್ ಗಾರ್ನೆಟ್ ಎಂಬ ದ್ವೇಷ ಕಾರುವ ಪಾತ್ರವನ್ನೂ ಜಾನಿ ಸ್ಪೈಟ್ ಬರೆದದ್ದು ಗೇಲಿಗಾಗಿಯೇ. ಎಷ್ಟೋ ಪ್ರೇಕ್ಷಕರು ಅವನೇ ಸರಿ ಎಂದು ಚಪ್ಪಾಳೆ ತಟ್ಟಿದರು. ಬರೆದವನ ಉದ್ದೇಶ ಒಂದು, ಕೂತವರ ಕಿವಿ ಇನ್ನೊಂದು.

ಅಳಿಸಿದ್ದು, ಉಳಿದದ್ದು

ನೆನಪು ಜರಡಿಯಿದ್ದಂತೆ. ಹಂಬಲಿಸುವವರು ಸಾಮಾನ್ಯವಾಗಿ ಒಳ್ಳೆಯದನ್ನಷ್ಟೇ ಉಳಿಸಿಕೊಳ್ಳುತ್ತಾರೆ. ನಿಜವಾದ ಟೇಪುಗಳ ವಿಷಯದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. 1960 ಮತ್ತು 70ರ ದಶಕಗಳಲ್ಲಿ ವಿಡಿಯೋ ಟೇಪು ದುಬಾರಿ. ಅಳಿಸಿ ಮತ್ತೆ ಬಳಸಬಹುದಿತ್ತು. ಕಲಾವಿದರ ಸಂಘದ ಒಪ್ಪಂದದಂತೆ ಮರುಪ್ರಸಾರಕ್ಕೂ ಮಿತಿಯಿತ್ತು. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲ ಬಂದೀತೆಂದು ಯಾರೂ ಎಣಿಸಿರಲಿಲ್ಲ. ಹೀಗಾಗಿ ಬಿಬಿಸಿ ತನ್ನ ಅಮೂಲ್ಯ ಹಾಸ್ಯವನ್ನೇ ಅಳಿಸಿತು. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಜೋಡಿಯ ‘ನಾಟ್ ಓನ್ಲಿ ಬಟ್ ಆಲ್ಸೋ’ ಸರಣಿಯ ಬಹುಭಾಗ ಇಂದು ಇಲ್ಲ. ‘ಡ್ಯಾಡ್ಸ್ ಆರ್ಮಿ’ಯ ಮೂರು ಕಂತುಗಳ ಚಿತ್ರಿಕೆ ಸಿಕ್ಕಿಲ್ಲ. ಹ್ಯಾನ್‌ಕಾಕ್‌ನ ರೇಡಿಯೋ ಕಂತುಗಳಲ್ಲಿ ಎಷ್ಟೋ ಮಾಯವಾದವು.

ಆದರೆ ಬರೆದ ಹಾಳೆಗಳು ಉಳಿದಿದ್ದವು. 2014ರಲ್ಲಿ ಬಿಬಿಸಿ ರೇಡಿಯೋ, ಕಳೆದುಹೋದ ಹ್ಯಾನ್‌ಕಾಕ್ ಕಂತುಗಳನ್ನು ಹೊಸ ನಟರಿಂದ ಮತ್ತೆ ಆಡಿಸತೊಡಗಿತು. 2019ರಲ್ಲಿ ಗೋಲ್ಡ್ ವಾಹಿನಿ ‘ಡ್ಯಾಡ್ಸ್ ಆರ್ಮಿ’ಯ ಆ ಮೂರು ಕಂತುಗಳನ್ನು ಹೊಸದಾಗಿ ಚಿತ್ರೀಕರಿಸಿತು. ಇಂದು ಯಾವ ಹಳೆಯ ದೃಶ್ಯವನ್ನಾದರೂ ಮೊಬೈಲಿನಲ್ಲಿ ಒಬ್ಬರೇ ಕೂತು ನೋಡಬಹುದು. ಹಾಗೆ ನೋಡಿ ನಕ್ಕವರು ಮರುಕ್ಷಣ ಪಕ್ಕಕ್ಕೆ ತಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾರೆ. ಹಳೆಯ ಹಾಸ್ಯಗಾರರಿಗಾಗಿ ಹಂಬಲಿಸುವವರು ಹುಡುಕುತ್ತಿರುವುದು ಆ ಪಕ್ಕದವರನ್ನು. ಆ ಹುಡುಕಾಟದಲ್ಲಿ ತಪ್ಪಿಲ್ಲ. ಹಿಂದೊಮ್ಮೆ ನಗೆಗೆ ಗುರಿಯಾಗಿ ಮೂಲೆಯಲ್ಲಿ ನಿಂತಿದ್ದವರಿಗೂ ಈ ಬಾರಿ ಸಾಲಿನಲ್ಲೊಂದು ಕುರ್ಚಿ ಇರಬೇಕು, ಅಷ್ಟೇ. ತಮ್ಮದೇ ಜಂಭವನ್ನು ನೋಡಿ ನಗಲು ಕಲಿಸಿದ ಹ್ಯಾನ್‌ಕಾಕ್, ಮೇನ್ವರಿಂಗ್‌ಗಳ ಎದುರು ಯಾರು ಬೇಕಾದರೂ ಬಂದು ಕೂರಬಹುದು. ಕಾಲದ ಜರಡಿಯಲ್ಲಿ ಅವರು ಉಳಿದದ್ದು ಅದರಿಂದಲೇ.